ಬಿದ್ದ ವಿಮಾನವನ್ನು ಬಿಸಾಡಬೇಡಿ

ದುಬೈಯಿಂದಲೋ ರಿಯಾದಿನಿಂದಲೋ ರಜೆಯಲ್ಲಿ ಬಂದ ಚಾಚಾ ಮಕ್ಕಳಿಗೆಂದು ಒಂದು ರಿಮೋಟ್ ವಿಮಾನ ತಂದಿರುತ್ತಾರೆ. ಅಥವಾ ಇಂಜಿನಿಯರಿಂಗ್ ಓದುವ ಮಗ ಬೆಂಗಳೂರಿನಿಂದ ಬಿಡಿಭಾಗಗಳನ್ನು ತರಿಸಿ ತಾನೇ ಒಂದನ್ನು ಕಟ್ಟಿರುತ್ತಾನೆ. ಭಾನುವಾರ ಸಂಜೆ ಕೇರಿಯ ಹುಡುಗರೆಲ್ಲ ಸೇರಿ ಕೊಯ್ಲಾದ ಗದ್ದೆಗೆ ಹೊರಡುತ್ತಾರೆ. ವಿಮಾನ ಏರುತ್ತದೆ. ಒಂದು ಸುತ್ತು, ಎರಡು ಸುತ್ತು... ಮೂರನೇ ಸುತ್ತಿನಲ್ಲಿ ಮೂಗು ಕೆಳಗಾಗಿ ನೆಲಕ್ಕೆ ಅಪ್ಪಳಿಸುತ್ತದೆ. ಮನೆಗೆ ಮರಳುವಾಗ ಹುಡುಗನ ಒಂದು ಕೈಯಲ್ಲಿ ರೆಕ್ಕೆ, ಇನ್ನೊಂದು ಕೈಯಲ್ಲಿ ಬಾಲ. ಅಬ್ಬಾ ಬಯ್ಯುತ್ತಾರೆಂಬ ಭಯದಿಂದ ಎರಡನ್ನೂ ಅಟ್ಟಕ್ಕೆ ಸೇರಿಸುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ... ಯಾವ ಊರಿನಲ್ಲಾದರೂ ಇದು ನಡೆಯಬಹುದು. ಆದರೆ ಕಥೆ ಅಲ್ಲಿ ಮುಗಿಯಬೇಕಾಗಿಲ್ಲ. ಹಾರಿಸುವಾಗ ಮಗು ಕಲಿಯುವುದಕ್ಕಿಂತ ಹೆಚ್ಚಿನದನ್ನು ಮುರಿದದ್ದನ್ನು ಜೋಡಿಸುವಾಗ ಕಲಿಯುತ್ತದೆ. ಬಿದ್ದ ವಿಮಾನ ತಾನು ಏಕೆ ಬಿದ್ದೆ ಎಂಬುದನ್ನು ಹೇಳಿಯೇ ಹೇಳುತ್ತದೆ. ಕೇಳಿಸಿಕೊಳ್ಳುವ ತಾಳ್ಮೆ ನಮಗಿರಬೇಕು, ಅಷ್ಟೆ.

ಬಾಲ ಮರೆತವರ ಕಥೆ

ಹಾರಾಟದ ಇತಿಹಾಸವೆಂದರೆ ಬೀಳುವುದರ ಇತಿಹಾಸವೂ ಹೌದು. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕೊರ್ಡೋವಾದಲ್ಲಿ ಅಬ್ಬಾಸ್ ಇಬ್ನ್ ಫಿರ್ನಾಸ್ ಎಂಬ ವಿದ್ವಾಂಸರಿದ್ದರು. ಕವಿತೆ, ಸಂಗೀತ, ಖಗೋಳ, ಗಾಜು ತಯಾರಿಕೆ ಎಲ್ಲದರಲ್ಲೂ ಅವರದು ಎತ್ತಿದ ಕೈ. ಕ್ರಿ.ಶ. 875ರ ಸುಮಾರಿಗೆ ಅವರು ಮೈಗೆ ಗರಿಗಳನ್ನು ಹೊದ್ದು, ರೆಕ್ಕೆ ಕಟ್ಟಿಕೊಂಡು ಎತ್ತರದಿಂದ ಹಾರಿದರಂತೆ. ಸ್ವಲ್ಪ ದೂರ ತೇಲಿದರು. ಇಳಿಯುವಾಗ ಮಾತ್ರ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡರು.

ಈ ಸಂಗತಿಯನ್ನು ನಮಗೆ ದಾಟಿಸಿದವರು ಹದಿನೇಳನೇ ಶತಮಾನದ ಇತಿಹಾಸಕಾರ ಅಲ್-ಮಕ್ಕರೀ. ಘಟನೆ ನಡೆದು ಏಳು ಶತಮಾನಗಳೇ ಕಳೆದ ಮೇಲೆ ಹಳೆಯ ಗ್ರಂಥಗಳ ಆಧಾರದಿಂದ ಅವರು ಅದನ್ನು ಬರೆದರು. ಅವರು ಬೀಳುವಿಕೆಯ ಕಾರಣವನ್ನೂ ಹೇಳಿರುವುದು ಗಮನಾರ್ಹ. ಹಕ್ಕಿ ಇಳಿಯುವಾಗ ಬಾಲವನ್ನು ಬಳಸುತ್ತದೆ ಎಂಬುದು ಇಬ್ನ್ ಫಿರ್ನಾಸರ ಗಮನಕ್ಕೆ ಬಂದಿರಲಿಲ್ಲ, ಅವರು ರೆಕ್ಕೆ ಕಟ್ಟಿಕೊಂಡರು, ಬಾಲ ಕಟ್ಟಿಕೊಳ್ಳಲಿಲ್ಲ!

ನೋಡಿ, ಇದೊಂದು ಅಪಘಾತದ ವರದಿ. ಬಿದ್ದವರನ್ನು ಹೀಯಾಳಿಸದೆ, ಬಿದ್ದದ್ದು ಏಕೆ ಎಂದು ಕೇಳಿದ ವರದಿ. ನಿಮ್ಮ ಮನೆಯ ಪುಟ್ಟ ವಿಮಾನದ ಮುಂದೆ ಕುಳಿತಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಗುಜರಿಯಿಂದ ಎದ್ದ ವಿಮಾನಗಳು

'ಮುರಿದ ಮೇಲೆ ಇನ್ನೇನು, ಹೊಸದು ತಂದರಾಯಿತು' ಎನ್ನುವವರಿಗೆ ನಮ್ಮ ಕರ್ನಾಟಕದ್ದೇ ಒಂದು ಉದಾಹರಣೆಯಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂಬ ಕಂಪೆನಿ ಕಟ್ಟಿದರು. ಅದೇ ಇಂದಿನ ಎಚ್‌ಎಎಲ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅದರ ದೊಡ್ಡ ಕೆಲಸ ಹೊಸ ವಿಮಾನ ತಯಾರಿಸುವುದಾಗಿರಲಿಲ್ಲ. ಮಿತ್ರರಾಷ್ಟ್ರಗಳ ವಿಮಾನಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಹಾರಲು ಸಿದ್ಧಗೊಳಿಸುವುದಾಗಿತ್ತು.

ಯುದ್ಧ ಮುಗಿದಾಗ ಉತ್ತರ ಪ್ರದೇಶದ ಕಾನ್ಪುರದ ಬಳಿಯ ಚಕೇರಿಯಲ್ಲಿ ಲಿಬರೇಟರ್ ಎಂಬ ನಾಲ್ಕು ಇಂಜಿನ್‌ಗಳ ಬಾಂಬರ್ ವಿಮಾನಗಳು ಸಾಲುಸಾಲಾಗಿ ಬಿದ್ದಿದ್ದವು. ಬಿಟ್ಟುಹೋದವರು ಅವುಗಳನ್ನು ಮತ್ತೆ ಯಾರೂ ಹಾರಿಸಬಾರದೆಂದು ಉದ್ದೇಶಪೂರ್ವಕವಾಗಿಯೇ ಹಾಳುಗೆಡವಿದ್ದರು. ನೋಡಿದವರಿಗೆ ಅದು ಬರೀ ಗುಜರಿ. ಆದರೆ ಬೆಂಗಳೂರಿನ ಕಾರ್ಖಾನೆಯವರು ಅಲ್ಲಿಗೆ ಹೋದರು. ಒಂದರಲ್ಲಿ ಸರಿಯಿದ್ದ ಭಾಗ ಇನ್ನೊಂದಕ್ಕೆ, ಇನ್ನೊಂದರದು ಮತ್ತೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಹಾರುವಷ್ಟು ಮಟ್ಟಿಗೆ ಸರಿಪಡಿಸಿದರು. ಒಂದೊಂದಾಗಿ ಇಲ್ಲಿಗೆ ತಂದು ಪೂರ್ತಿ ದುರಸ್ತಿ ಮಾಡಿದರು. ಹೀಗೆ ಎದ್ದುನಿಂತವು ನಲವತ್ತರಷ್ಟು ವಿಮಾನಗಳು! 1948ರ ನವೆಂಬರಿನಲ್ಲಿ ಸ್ವತಂತ್ರ ಭಾರತದ ವಾಯುಪಡೆಯ 5ನೇ ಸ್ಕ್ವಾಡ್ರನ್ ಇವುಗಳಿಂದಲೇ ಆರಂಭವಾಯಿತು. 1968ರವರೆಗೂ ಲಿಬರೇಟರ್‌ಗಳು ನಮ್ಮ ವಾಯುಪಡೆಯಲ್ಲಿ ದುಡಿದವು. ನಿವೃತ್ತಿಯಾದ ಮೇಲೆ ಕೆಲವು ವಿದೇಶದ ವಸ್ತುಸಂಗ್ರಹಾಲಯಗಳನ್ನು ಸೇರಿದವು. ಲಂಡನ್ನಿನ ಆರ್‌ಎಎಫ್ ಮ್ಯೂಸಿಯಂನಲ್ಲಿರುವ ಲಿಬರೇಟರ್ ಭಾರತ ಕೊಟ್ಟದ್ದೇ.

ಅಷ್ಟು ದೊಡ್ಡ ವಿಮಾನವನ್ನೇ ಗುಜರಿಯಿಂದ ಎತ್ತಿ ನಿಲ್ಲಿಸಿದ ನಾಡಿನಲ್ಲಿ ಒಂದು ಕೆ.ಜಿ. ತೂಗದ ಥರ್ಮಾಕೋಲ್ ವಿಮಾನಕ್ಕೆ ಅಟ್ಟವೇ ಗತಿಯೇ?

ಬಿದ್ದ ಕೂಡಲೇ ಏನು ಮಾಡಬೇಕು?

ವಿಮಾನ ಬಿದ್ದ ತಕ್ಷಣ ಎಲ್ಲರೂ ಓಡುತ್ತಾರೆ. ಓಡುವ ಮೊದಲು ಒಂದು ಕ್ಷಣ ನಿಲ್ಲಿ. ರಿಮೋಟಿನ ವೇಗದ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆಯಿರಿ, ಆದರೆ ರಿಮೋಟನ್ನು ಆರಿಸಬೇಡಿ. ವಿಮಾನದ ಬ್ಯಾಟರಿಯನ್ನು ಬಿಚ್ಚಿದ ಮೇಲಷ್ಟೇ ರಿಮೋಟ್ ಆರಿಸಬೇಕು. ಇಲ್ಲವಾದರೆ ಕೆಲವು ವಿಮಾನಗಳ ಮೋಟಾರ್ ಇದ್ದಕ್ಕಿದ್ದಂತೆ ತಿರುಗಿ ಕೈಬೆರಳನ್ನು ಕತ್ತರಿಸಬಹುದು.

ಶಿಕಾರಿಪುರದ ಕಡೆ ಮಳೆಗಾಲದಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ. ಆಳೆತ್ತರದ ಬೆಳೆಯೊಳಗೆ ಬಿದ್ದ ವಿಮಾನ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ. ನೀವು ನಿಂತ ಜಾಗದಿಂದ ಅದು ಬಿದ್ದ ದಿಕ್ಕಿಗೆ ನೇರವಾಗಿ ಇರುವ ಒಂದು ಮರವನ್ನೋ ಮನೆಯನ್ನೋ ಗುರುತಿಟ್ಟುಕೊಳ್ಳಿ. ಒಬ್ಬರು ನಿಂತಲ್ಲೇ ನಿಂತು ದಿಕ್ಕು ಹೇಳಲಿ, ಇನ್ನೊಬ್ಬರು ಹುಡುಕಲಿ. ನಿಂತವರು ಬಾಲವನ್ನಾಡಿಸುವ ಕಡ್ಡಿಯನ್ನು ಅತ್ತಿತ್ತ ಆಡಿಸುತ್ತಿದ್ದರೆ ಸಣ್ಣ ಮೋಟಾರಿನ 'ಜುಂಯ್' ಶಬ್ದ ಕೇಳಿಸುತ್ತದೆ. ಹೊಲದ ಯಜಮಾನರಿಗೆ ಹೇಳಿಯೇ ಒಳಗೆ ಹೋಗಿ. ನಮ್ಮ ಆಟಕ್ಕಾಗಿ ಇನ್ನೊಬ್ಬರ ಬೆಳೆ ತುಳಿಯುವ ಹಕ್ಕು ನಮಗಿಲ್ಲ. ಹಾವಿನ ಭಯವೂ ಇರುವುದರಿಂದ ಬರಿಗಾಲಲ್ಲಿ ಇಳಿಯಬೇಡಿ.

ಸೊರಬದ ಕಡೆ ಕಷ್ಟ ಬೇರೆ ಬಗೆಯದು. ಅಲ್ಲಿ ಗದ್ದೆಯ ಅಂಚಿಗೇ ಅಡಿಕೆ ತೋಟ. ವಿಮಾನ ಅಡಿಕೆ ಮರದ ತುದಿಯಲ್ಲಿ ಕುಳಿತರೆ ಹುಡುಗರನ್ನು ಮರ ಹತ್ತಿಸಬೇಡಿ. ಕೊನೆಗಾರರನ್ನು ಕೇಳಿ, ಅಥವಾ ದೋಟಿಯಿಂದ ಮೆಲ್ಲಗೆ ಬಿಡಿಸಿ. ಆದರೆ ಒಂದು ಎಚ್ಚರಿಕೆ. ಈಗ ಅನೇಕ ತೋಟಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಅದು ಹಗುರ, ಗಟ್ಟಿ, ನಿಜ. ಆದರೆ ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಹತ್ತಿರದಲ್ಲಿ ಕರೆಂಟಿನ ತಂತಿಯಿದ್ದರೆ ಅದನ್ನು ಎತ್ತಲೇಬಾರದು.

ವಿಮಾನ ಕರೆಂಟಿನ ತಂತಿಯ ಮೇಲೆಯೇ ಸಿಕ್ಕಿಕೊಂಡರೆ? ಮೆಸ್ಕಾಂನವರಿಗೆ ತಿಳಿಸಿ, ಲೈನ್‌ಮನ್ ಬರುವವರೆಗೆ ಕಾಯಿರಿ. ಬರದಿದ್ದರೆ ವಿಮಾನ ಹೋಯಿತೆಂದು ತಿಳಿಯಿರಿ. ಕಲ್ಲು ಹೊಡೆಯುವುದು, ಬಿದಿರು ಗಳ ಹಿಡಿದು ಕೀಳುವುದು ಬೇಡವೇ ಬೇಡ. ಮಗುವಿನ ಜೀವಕ್ಕಿಂತ ದೊಡ್ಡ ವಿಮಾನವಿಲ್ಲ.

ಅಂಜನಾಪುರ ಜಲಾಶಯದ ಹಿನ್ನೀರಿನಂತಹ ಜಾಗದಲ್ಲಿ ನೀರಿಗೆ ಬಿದ್ದರೆ ಅದಕ್ಕಾಗಿ ಯಾರೂ ನೀರಿಗಿಳಿಯಬಾರದು. ದಡಕ್ಕೆ ತೇಲಿ ಬಂದರೆ ಬ್ಯಾಟರಿ ಬಿಚ್ಚಿ, ಕೆಸರಾದ ಭಾಗಗಳನ್ನು ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಗಾಳಿಗೆ ಎರಡು ಮೂರು ದಿನ ಒಣಗಿಸಿ. ಒಣಗುವ ಮೊದಲು ಕರೆಂಟ್ ಕೊಟ್ಟರೆ ಉಳಿಯಬಹುದಾದ ರಿಸೀವರ್ ಕೂಡ ಸುಟ್ಟುಹೋಗುತ್ತದೆ.

ಒಡೆದ ಚೂರುಗಳನ್ನು ಒಂದೂ ಬಿಡದೆ ಚೀಲಕ್ಕೆ ತುಂಬಿ. ಉಗುರಿನಷ್ಟು ಸಣ್ಣ ಚೂರು ಕೂಡ ಬೇಕು. ಒಡೆದ ಪಿಂಗಾಣಿ ಬಟ್ಟಲಿನ ಹಾಗೆ ಈ ಚೂರುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಒಂದು ಚೂರು ಕಳೆದರೆ ಆ ಜಾಗಕ್ಕೆ ಅಂಟು ತುಂಬಬೇಕು. ಅಂಟೆಂದರೆ ಭಾರ.

ಮೊದಲು ಕಾರಣ, ಆಮೇಲೆ ಅಂಟು

ಮನೆಗೆ ಬಂದ ಕೂಡಲೇ ಅಂಟಿನ ಟ್ಯೂಬಿಗೆ ಕೈ ಹಾಕುವುದು ಎಲ್ಲರ ಅಭ್ಯಾಸ. ಕಾರಣ ತಿಳಿಯದೆ ಅಂಟಿಸಿದ ವಿಮಾನ ಮುಂದಿನ ಭಾನುವಾರ ಅದೇ ರೀತಿ ಬೀಳುತ್ತದೆ. ಆದ್ದರಿಂದ ಹಳೆಯ ಪತ್ರಿಕೆ ಹಾಸಿ, ಚೂರುಗಳನ್ನೆಲ್ಲ ಅವುಗಳ ಜಾಗದಲ್ಲಿ ಜೋಡಿಸಿಟ್ಟು, ಹಾರಿಸಿದವನನ್ನು ಮೆಲ್ಲಗೆ ಮಾತಾಡಿಸಿ. ಬೀಳುವ ಮೊದಲು ವಿಮಾನ ನಿನ್ನ ಕಡೆಗೆ ಬರುತ್ತಿತ್ತೇ, ದೂರ ಹೋಗುತ್ತಿತ್ತೇ? ನಿಧಾನವಾಗಿತ್ತೇ, ವೇಗವಾಗಿತ್ತೇ? ಗಾಳಿ ಇತ್ತೇ?

ಹೊಸಬರು ಬೀಳಿಸುವುದಕ್ಕೆ ಬಹಳ ಸಲ ಕಾರಣ ಎಡ-ಬಲದ ಗೊಂದಲ. ವಿಮಾನ ದೂರ ಹೋಗುವಾಗ ಅದರ ಎಡ ನಮ್ಮ ಎಡವೇ. ನಮ್ಮತ್ತ ತಿರುಗಿ ಬರುವಾಗ ಅದರ ಎಡ ನಮ್ಮ ಬಲವಾಗುತ್ತದೆ. ಎರಡನೆಯ ಕಾರಣ ವೇಗ ಸಾಲದಿರುವುದು. ವೇಗ ತೀರ ಕಡಿಮೆಯಾದಾಗ ಮೂಗು ಮೇಲೆತ್ತಿ ತಿರುಗಿಸಿದರೆ ರೆಕ್ಕೆಯ ಮೇಲಿನ ಗಾಳಿಯ ಹಿಡಿತ ತಪ್ಪಿ ವಿಮಾನ ಒಂದು ಬದಿಗೆ ಮಗುಚುತ್ತದೆ. ಈ ಎರಡೂ ಕೈಪಳಗಿದಂತೆ ಸರಿಹೋಗುತ್ತವೆ.

ಇನ್ನು ವಿಮಾನದ್ದೇ ದೋಷಗಳು. ರೆಕ್ಕೆ, ಬಾಲಗಳ ಹಿಂಬದಿಯಲ್ಲಿ ಅಲ್ಲಾಡುವ ಪಟ್ಟಿಗಳಿರುತ್ತವೆ. ಅವುಗಳನ್ನು ಆಡಿಸುವ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಮೋಟಾರಿಗೆ ಸರ್ವೊ ಎನ್ನುತ್ತಾರೆ. ಸರ್ವೊದಿಂದ ಪಟ್ಟಿಗೆ ಹೋಗುವ ತಂತಿ ಕಳಚಿಕೊಂಡಿದೆಯೇ ನೋಡಿ. ಸರ್ವೊದ ತೋಳನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲೋ ಜಾರಿದಂತಾದರೆ ಒಳಗಿನ ಹಲ್ಲು ಮುರಿದಿದೆ ಎಂದರ್ಥ. ಆ ಸರ್ವೊ ಬದಲಿಸಬೇಕು. ರಿಸೀವರಿನ ಆಂಟೆನಾ ತಂತಿ ತುಂಡಾಗಿದೆಯೇ ನೋಡಿ. ಇಂದಿನ 2.4 ಗಿಗಾಹರ್ಟ್ಸ್ ರಿಸೀವರುಗಳಲ್ಲಿ ತಂತಿಯ ತುದಿಯ ಸುಮಾರು 31 ಮಿಲಿಮೀಟರ್ ಭಾಗವೇ ನಿಜವಾಗಿ ಸಂಕೇತ ಹಿಡಿಯುವುದು. ಆ ತುದಿ ಹರಿದರೆ ವಿಮಾನ ಸ್ವಲ್ಪ ದೂರದಲ್ಲೇ ಕಿವುಡಾಗುತ್ತದೆ. ಕಾರಣ ಸಿಕ್ಕಿತೇ? ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕದೊಂದಿಗೆ ಮಗುವಿನ ಕೈಯಲ್ಲೇ ಬರೆಸಿಡಿ.

ಬೆಂಡು ಕಲಿಸುವ ಪಾಠ

ಸೊರಬ, ಸಾಗರಗಳ ಗುಡಿಗಾರರ ಶ್ರೀಗಂಧದ ಕೆತ್ತನೆ ನಿಮಗೆ ಗೊತ್ತಿದ್ದೀತು. ಅದೇ ಕೈಗಳು ಬೆಂಡಿನಲ್ಲಿ ಬಾಸಿಂಗ, ಹಾರಗಳನ್ನೂ ಮಾಡುತ್ತವೆ. ಜೌಗಿನಲ್ಲಿ ಬೆಳೆಯುವ ಗಿಡದ ಕಾಂಡದೊಳಗಿನ ಬಿಳಿ ತಿರುಳು ಅದು. ಕೈಯಲ್ಲಿಟ್ಟರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಮೊಂಡು ಚಾಕು ತಾಗಿಸಿದರೆ ಬೆಂಡು ಜಜ್ಜಿಹೋಗುತ್ತದೆ. ಹರಿತವಾದ ಅಲಗನ್ನು ಒತ್ತದೆ, ಎಳೆದು ಕೊಯ್ಯಬೇಕು.

ಆಟದ ವಿಮಾನಗಳಿಗೆ ಬಳಸುವ ವಸ್ತುಗಳಿಗೂ ಇದೇ ನಿಯಮ. ಹಳೆಯ ಕಾಲದಿಂದ ಬಂದದ್ದು ದಕ್ಷಿಣ ಅಮೆರಿಕದ ಬಾಲ್ಸಾ ಎಂಬ ಹಗುರ ಮರ. ಈಗ ಹೆಚ್ಚಿನವು ಥರ್ಮಾಕೋಲ್ ಅಥವಾ ಅದಕ್ಕಿಂತ ಬಾಗುವ, ಗಟ್ಟಿಯಾದ ಫೋಮ್. ಯಾವುದನ್ನೇ ಕತ್ತರಿಸುವುದಾದರೂ ಹೊಸ ಬ್ಲೇಡು ಬೇಕು, ಅವಸರ ಕೂಡದು. ಮುರಿದ ಅಂಚನ್ನು ಚಂದ ಕಾಣಲೆಂದು ಸಮ ಮಾಡಬೇಡಿ. ಒಡೆದ ಬಿರುಕು ಇದ್ದ ಹಾಗೇ ಇದ್ದರೆ ತುಂಡುಗಳು ತಮ್ಮ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ.

ಇನ್ನು ಅಂಟು. ಮನೆಯಲ್ಲಿ ಕೈಗೆ ಮೊದಲು ಸಿಗುವುದು ಫೆವಿಕ್ವಿಕ್. ಬಾಲ್ಸಾ ಮರಕ್ಕೆ ಆ ಜಾತಿಯ ಅಂಟು ಒಳ್ಳೆಯದು. ಥರ್ಮಾಕೋಲಿಗೆ ಹಾಕಿದರೆ ಅದು ಸಕ್ಕರೆ ಕರಗಿದಂತೆ ಕರಗಿ ಗುಳಿ ಬೀಳುತ್ತದೆ! ಪೆಟ್ರೋಲ್, ಥಿನ್ನರ್, ಸ್ಪ್ರೇ ಪೇಂಟುಗಳ ಕಥೆಯೂ ಅದೇ. ಬಿಳಿ ಫೆವಿಕಾಲ್ ಥರ್ಮಾಕೋಲನ್ನು ತಿನ್ನುವುದಿಲ್ಲ, ಆದರೆ ಒಣಗಲು ಗಾಳಿ ಬೇಕು. ದಪ್ಪ ರೆಕ್ಕೆಯ ನಡುವೆ ಅದು ದಿನಗಟ್ಟಲೆ ಹಸಿಯಾಗಿಯೇ ಉಳಿಯಬಹುದು. ಎರಡು ಟ್ಯೂಬುಗಳನ್ನು ಸಮಪಾಲು ಬೆರೆಸುವ ಆರಲ್ಡೈಟ್‌ನಂತಹ ಎಪಾಕ್ಸಿ ಗಾಳಿಯಿಲ್ಲದೆಯೂ ಗಟ್ಟಿಯಾಗುತ್ತದೆ, ಫೋಮನ್ನು ಕರಗಿಸುವುದೂ ಇಲ್ಲ. ಭಾರ ಜಾಸ್ತಿ ಎಂಬುದೇ ಅದರ ಕೊರತೆ. ಆದ್ದರಿಂದ ತೆಳುವಾಗಿ ಸವರಿ, ಹೊರಗೆ ಉಕ್ಕಿದ್ದನ್ನು ಒರೆಸಿ ತೆಗೆಯಿರಿ. ಯಾವ ಅಂಟನ್ನಾದರೂ ಮೊದಲು ಕೆಲಸಕ್ಕೆ ಬಾರದ ತುಂಡಿನ ಮೇಲೆ ಹಚ್ಚಿ ನೋಡಿ. ಕಿಟಕಿ ತೆರೆದಿರಲಿ, ಚಿಕ್ಕ ಮಕ್ಕಳ ಕೈಗೆ ಎಟುಕದಿರಲಿ.

ರೆಕ್ಕೆ ನಡುವೆ ಮುರಿದಿದ್ದರೆ ಬರೀ ಅಂಟು ಸಾಲದು. ಹಾರುವಾಗ ವಿಮಾನದ ಇಡೀ ಭಾರ ಹೊರುವುದು ರೆಕ್ಕೆಯೇ. ಅಂಟಿಸಿ ಒಣಗಿದ ಮೇಲೆ ರೆಕ್ಕೆಯ ಕೆಳಮೈಯಲ್ಲಿ, ಬಿರುಕಿಗೆ ಅಡ್ಡವಾಗಿ, ಎರಡೂ ಬದಿಗೆ ನಾಲ್ಕು ಬೆರಳಿನಷ್ಟಾದರೂ ಉದ್ದಕ್ಕೆ ಒಂದು ಸಣ್ಣ ಕಾಲುವೆ ಕೊರೆಯಿರಿ. ಅದರಲ್ಲಿ ತೆಳುವಾದ ಕಾರ್ಬನ್ ಕಡ್ಡಿಯನ್ನೋ ಹದವಾಗಿ ಹೆರೆದ ಬಿದಿರಿನ ಸೀಳನ್ನೋ ಕೂರಿಸಿ ಎಪಾಕ್ಸಿ ಹಾಕಿ. ಮುರಿದ ಕೈಗೆ ಪಟ್ಟಿ ಕಟ್ಟಿದ ಹಾಗೆ ಅದು ಭಾರವನ್ನು ಬಿರುಕಿನ ಆಚೆಗೆ ದಾಟಿಸುತ್ತದೆ. ಮಲೆನಾಡಿನಲ್ಲಿ ಬಿದಿರಿಗೆ ಬರವೇ? ಕಾರ್ಬನ್ ಕಡ್ಡಿ ಕತ್ತರಿಸುವುದಾದರೆ ಒದ್ದೆ ಮಾಡಿ ಕತ್ತರಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ. ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಬಾಗುವ ಫೋಮಿನ ಮೂಗು ಒಡೆಯದೆ ಬರೀ ಜಜ್ಜಿಹೋಗಿದ್ದರೆ ಒಂದು ಸುಲಭ ಉಪಾಯವಿದೆ. ಒಳಗಿನ ಮೋಟಾರ್, ತಂತಿಗಳನ್ನೆಲ್ಲ ಬಿಚ್ಚಿ, ಜಜ್ಜಿದ ಭಾಗವನ್ನು ಸ್ವಲ್ಪ ಹೊತ್ತು ಕುದಿಯುವ ನೀರಿನ ಹಬೆಗೆ ಹಿಡಿಯಿರಿ. ಒಳಗಿನ ಗುಳ್ಳೆಗಳು ಉಬ್ಬಿ ಮೂಗು ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಬರುತ್ತದೆ. ಈ ಕೆಲಸ ದೊಡ್ಡವರದು. ಮಾಮೂಲಿ ಥರ್ಮಾಕೋಲಿಗೆ ಇದನ್ನು ಮಾಡಬೇಡಿ, ಕುಗ್ಗಿಹೋದೀತು.

ತೂಕದ ಲೆಕ್ಕ

ಅಂಟಿಸಿದ್ದಾಯಿತು, ನೋಡಲು ಚೆನ್ನಾಗಿದೆ, ಹಾರಿಸೋಣ ಎನ್ನಬೇಡಿ. ದುರಸ್ತಿಯಾದ ವಿಮಾನಗಳು ಮತ್ತೆ ಬೀಳುವುದು ಬಹುಪಾಲು ಇಲ್ಲಿಯೇ. ಅಂಟು, ಕಡ್ಡಿ, ಟೇಪು ಎಲ್ಲ ಸೇರಿ ವಿಮಾನದ ತೂಕ ಹೆಚ್ಚಿದೆ. ಎಷ್ಟು ಹೆಚ್ಚಿತು ಎನ್ನುವುದಕ್ಕಿಂತ ಎಲ್ಲಿ ಹೆಚ್ಚಿತು ಎನ್ನುವುದು ಮುಖ್ಯ.

ನಿಮ್ಮ ಎರಡೂ ತೋರುಬೆರಳುಗಳನ್ನು ರೆಕ್ಕೆಯ ಕೆಳಗಿಟ್ಟು ವಿಮಾನವನ್ನು ಎತ್ತಿ ಹಿಡಿಯಿರಿ. ಬೆರಳು ರೆಕ್ಕೆಯ ಮುಂದಿನ ಅಂಚಿನಿಂದ ಎಷ್ಟು ಹಿಂದಿರಬೇಕು? ಸಾಮಾನ್ಯ ವಿಮಾನದಲ್ಲಿ ರೆಕ್ಕೆಯ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ. ರೆಕ್ಕೆ 18 ಸೆಂಟಿಮೀಟರ್ ಅಗಲವಿದ್ದರೆ ನಾಲ್ಕೂವರೆಯಿಂದ ಆರು ಸೆಂಟಿಮೀಟರ್ ಹಿಂದೆ. ಅಲ್ಲಿ ವಿಮಾನ ಸಮವಾಗಿ ನಿಲ್ಲಬೇಕು, ಅಥವಾ ಮೂಗು ಒಂದಿಷ್ಟೇ ಕೆಳಗೆ ಬಾಗಬೇಕು. ಬಾಲ ಕೆಳಗಿಳಿದರೆ ಹಾರಿಸಲೇಬೇಡಿ. ಮೂಗು ಭಾರವಾದ ವಿಮಾನ ಮೊಂಡುತನ ಮಾಡಿದರೂ ಮಾತು ಕೇಳುತ್ತದೆ, ಬಾಲ ಭಾರವಾದದ್ದು ಯಾರ ಮಾತನ್ನೂ ಕೇಳುವುದಿಲ್ಲ.

ಇಲ್ಲೊಂದು ಶಾಲೆಯ ಲೆಕ್ಕವಿದೆ, ಮಕ್ಕಳಿಂದಲೇ ಮಾಡಿಸಿ. ತಕ್ಕಡಿಯ ಉದ್ದ ತೋಳಿನ ತುದಿಗೆ ಸ್ವಲ್ಪ ಭಾರ ಇಟ್ಟರೂ ಗಿಡ್ಡ ತೋಳಿನ ಕಡೆ ಹೆಚ್ಚು ಭಾರ ಬೇಕು. ಸಮತೋಲದ ಬಿಂದುವಿನಿಂದ ಮೂಗಿಗಿರುವ ದೂರದ ಮೂರು ಪಟ್ಟು ದೂರದಲ್ಲಿ ಬಾಲವಿದೆ ಎಂದಿಟ್ಟುಕೊಳ್ಳಿ. ಬಾಲದಲ್ಲಿ 5 ಗ್ರಾಂ ಅಂಟು ಮೆತ್ತಿದರೆ ಅದನ್ನು ಸರಿದೂಗಿಸಲು ಮೂಗಿಗೆ 15 ಗ್ರಾಂ ಭಾರ ಸೇರಿಸಬೇಕು. ಒಟ್ಟು 20 ಗ್ರಾಂ ಸುಮ್ಮನೆ ಹೊರೆ! ಆದ್ದರಿಂದ ಬಾಲಕ್ಕೆ ಅಂಟು ಹಾಕುವಾಗ ಕೈ ಬಿಗಿಯಿರಲಿ. ಸಣ್ಣಪುಟ್ಟ ವ್ಯತ್ಯಾಸವಿದ್ದರೆ ಭಾರ ಸೇರಿಸುವ ಮೊದಲು ಬ್ಯಾಟರಿಯನ್ನು ತುಸು ಮುಂದೆ ಅಥವಾ ಹಿಂದೆ ಸರಿಸಿ ನೋಡಿ.

ವಿಮಾನವನ್ನು ಹಿಂದಿನಿಂದಲೂ ಒಮ್ಮೆ ನೋಡಿ. ರೆಕ್ಕೆ ಮತ್ತು ಬಾಲ ಒಂದೇ ಮಟ್ಟದಲ್ಲಿವೆಯೇ? ಅಂಟಿಸುವಾಗ ರೆಕ್ಕೆ ತಿರುಚಿಕೊಂಡಿದೆಯೇ? ಸ್ವಲ್ಪ ತಿರುಚಿದ ರೆಕ್ಕೆ ಕೂಡ ವಿಮಾನವನ್ನು ಸದಾ ಒಂದೇ ಬದಿಗೆ ಎಳೆಯುತ್ತದೆ.

ದುರಸ್ತಿ ಮಾಡಬಾರದ ಎರಡು

ಎಲ್ಲವನ್ನೂ ಜೋಡಿಸಬಹುದು ಎಂದಲ್ಲ. ಎರಡು ವಸ್ತುಗಳಿಗೆ ಅಂಟು ಹಚ್ಚಲೇಬಾರದು.

ಮೊದಲನೆಯದು ಪ್ರೊಪೆಲ್ಲರ್. ಕೂದಲೆಳೆಯಷ್ಟು ಬಿರುಕಿದ್ದರೂ ಬದಲಿಸಿ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ವಸ್ತು ಅದು. ಅಂಟಿಸಿದ ತುಂಡು ಕಳಚಿದರೆ ಕಣ್ಣಿಗೇ ಹಾರಬಹುದು. ಮನೆಯೊಳಗೆ ಮೋಟಾರ್ ಪರೀಕ್ಷಿಸುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು. ಇದಕ್ಕೆ ವಿನಾಯಿತಿಯೇ ಇಲ್ಲ.

ಎರಡನೆಯದು ಬ್ಯಾಟರಿ. ಈ ವಿಮಾನಗಳಲ್ಲಿ ಇರುವುದು ಲಿಥಿಯಂ ಪಾಲಿಮರ್, ಅಂದರೆ 'ಲಿಪೊ' ಬ್ಯಾಟರಿ. ಮೊಬೈಲಿನದ್ದರ ಹಾಗೆಯೇ, ಆದರೆ ಮೇಲೆ ಗಟ್ಟಿ ಕವಚವಿಲ್ಲ. ಬಿದ್ದ ಪೆಟ್ಟಿಗೆ ಒಳಗಿನ ತೆಳು ಪದರ ಹರಿದರೆ ಆಗ ಏನೂ ಕಾಣದೆ, ಸ್ವಲ್ಪ ಹೊತ್ತಿನ ಮೇಲೆ ಬೆಂಕಿ ಹೊತ್ತಿಕೊಳ್ಳಬಹುದು. ವಿಮಾನ ಜೋರಾಗಿ ಬಿದ್ದಿದ್ದರೆ ಬ್ಯಾಟರಿಯನ್ನು ಕಾರಿನೊಳಗೋ ಚೀಲದೊಳಗೋ ಇಡಬೇಡಿ. ಬಯಲಿನಲ್ಲಿ, ಸುಡುವ ವಸ್ತುಗಳಿಂದ ದೂರ, ಮಣ್ಣಿನ ಮೇಲಿಟ್ಟು ಅರ್ಧ ಗಂಟೆಗೂ ಹೆಚ್ಚು ಹೊತ್ತು ಗಮನಿಸಿ. ಉಬ್ಬಿದ್ದರೆ, ನಜ್ಜುಗುಜ್ಜಾಗಿದ್ದರೆ, ಸಿಹಿಸಿಹಿ ವಾಸನೆ ಬರುತ್ತಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ. ಮರಳು ತುಂಬಿದ ಬಕೆಟಿನಲ್ಲಿ ಮನೆಯ ಹೊರಗಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ಕಸದ ಬುಟ್ಟಿಗೂ ಒಲೆಗೂ ಹಾಕಬಾರದು.

ಚೆನ್ನಾಗಿರುವ ಬ್ಯಾಟರಿಗೂ ನಿಯಮಗಳಿವೆ. ಒಂದೊಂದು ಸೆಲ್ 4.2 ವೋಲ್ಟಿಗಿಂತ ಹೆಚ್ಚು ತುಂಬಬಾರದು. ವಾರಗಟ್ಟಲೆ ಎತ್ತಿಡುವುದಾದರೆ ಸುಮಾರು 3.8 ವೋಲ್ಟಿನಲ್ಲಿಡಬೇಕು. ಅದರದೇ ಚಾರ್ಜರಿನಿಂದ, ಟೈಲ್ಸ್ ನೆಲದ ಮೇಲೆ, ಎಚ್ಚರವಿರುವವರ ಕಣ್ಣೆದುರಿನಲ್ಲೇ ಚಾರ್ಜ್ ಮಾಡಿ. ರಾತ್ರಿ ಹಾಸಿಗೆಯ ಪಕ್ಕ ಚಾರ್ಜಿಗಿಟ್ಟು ಮಲಗುವ ಅಭ್ಯಾಸ ಬೇಡ. ಗಲ್ಫಿನಿಂದ ತರುವವರಿಗೂ ಒಂದು ಮಾತು ಹೇಳಿಡಿ: ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನದ ಲಗೇಜಿಗೆ ಹಾಕುವಂತಿಲ್ಲ, ತುದಿಗಳಿಗೆ ಟೇಪು ಸುತ್ತಿ ಕೈಚೀಲದಲ್ಲೇ ತರಬೇಕು.

ಮತ್ತೆ ಹಾರಿಸುವ ಮುನ್ನ

ಮೊದಲು ನೆಲದ ಮೇಲೆಯೇ ಪರೀಕ್ಷೆ. ರಿಮೋಟ್ ಹಚ್ಚಿ, ಆಮೇಲೆ ವಿಮಾನಕ್ಕೆ ಬ್ಯಾಟರಿ ಕೊಡಿ. ಎಡಕ್ಕೆ ತಿರುಗಿಸಿದರೆ ಪಟ್ಟಿಗಳು ಸರಿಯಾದ ಕಡೆಗೇ ಬಾಗುತ್ತವೆಯೇ? ಸರ್ವೊ ಬದಲಿಸಿದ ಮೇಲೆ ಚಲನೆ ತಿರುಗುಮುರುಗಾಗುವುದು ಸಾಮಾನ್ಯ. ಒಬ್ಬರು ವಿಮಾನವನ್ನು ಭದ್ರವಾಗಿ ಹಿಡಿದಿರಲಿ, ಇನ್ನೊಬ್ಬರು ರಿಮೋಟನ್ನು 'ರೇಂಜ್ ಚೆಕ್'ಗೆ ಹಾಕಿ ನಡೆಯುತ್ತಾ ದೂರ ಹೋಗಲಿ. ಕೈಪಿಡಿಯಲ್ಲಿ ಹೇಳಿದ ದೂರದವರೆಗೂ ಪಟ್ಟಿಗಳು ತಡವರಿಸದೆ ಆಡಬೇಕು. ರಿಮೋಟ್ ಆರಿಸಿದರೆ ಮೋಟಾರ್ ತಾನಾಗಿ ನಿಲ್ಲುತ್ತದೆಯೇ ಎಂಬುದನ್ನೂ ಪ್ರೊಪೆಲ್ಲರ್ ಬಿಚ್ಚಿ ನೋಡಿಕೊಳ್ಳಿ.

ಆಮೇಲೆ ಹುಲ್ಲಿರುವ ಜಾಗದಲ್ಲಿ ಮೋಟಾರ್ ಇಲ್ಲದೆ ಕೈಯಿಂದ ಮೆಲ್ಲಗೆ ತೇಲಿಬಿಡಿ. ನೇರವಾಗಿ ತೇಲಿ ಇಳಿದರೆ ಸರಿ. ಮೂಗೆತ್ತಿ ನಿಂತು ಕುಸಿದರೆ ಬಾಲ ಭಾರ. ಗಾಳಿಯಿಲ್ಲದ ಬೆಳಗಿನ ಹೊತ್ತು ಇದಕ್ಕೆ ಒಳ್ಳೆಯದು.

ಕಾನೂನನ್ನೂ ಮರೆಯಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಲಾಗಿದೆ. ಹಸಿರು ವಲಯದಲ್ಲೂ ಮಿತಿ 400 ಅಡಿ. ವಿಮಾನ ನಿಲ್ದಾಣದ ಆವರಣದಿಂದ 8ರಿಂದ 12 ಕಿ.ಮೀ. ಒಳಗಾದರೆ 200 ಅಡಿ, 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಶಿವಮೊಗ್ಗದ ಬಳಿಯ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಗಿ, ಅದೇ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಬರತೊಡಗಿತು. ಶಿಕಾರಿಪುರ, ಸೊರಬಗಳು ಅದರಿಂದ ಬಹಳ ದೂರ. ಆದರೆ ಶಿವಮೊಗ್ಗದ ನೆಂಟರ ಮನೆಗೆ ವಿಮಾನ ಕೊಂಡೊಯ್ಯುವಾಗ ಇದು ನೆನಪಿರಲಿ. ನೋಂದಣಿಯ ನಿಯಮವನ್ನೂ ವಲಯದ ನಕ್ಷೆಯನ್ನೂ ಹಾರಿಸುವ ಮೊದಲೇ ನೋಡಿಕೊಳ್ಳಿ. ವಿಮಾನ ಸದಾ ಕಣ್ಣಿಗೆ ಕಾಣುತ್ತಿರಬೇಕು, ಜನರ ತಲೆಯ ಮೇಲೆ ಹಾರಬಾರದು.

ಹೆತ್ತವರೇ, ಒಂದು ಮಾತು

ದುಡ್ಡು ಕೊಟ್ಟು ತಂದ ವಸ್ತು ಒಂದೇ ದಿನಕ್ಕೆ ಮುರಿದರೆ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿಗೆ ಹೆದರಿದ ಮಗು ಎರಡು ಕೆಲಸ ಮಾಡುತ್ತದೆ. ಮುರಿದದ್ದನ್ನು ಬಚ್ಚಿಡುತ್ತದೆ, ಮತ್ತೆ ಪ್ರಯತ್ನಿಸುವುದನ್ನು ಬಿಡುತ್ತದೆ. ಬಚ್ಚಿಟ್ಟ ವಿಮಾನದೊಳಗೆ ಪೆಟ್ಟಾದ ಬ್ಯಾಟರಿಯೂ ಇರಬಹುದು ಎಂಬುದನ್ನು ಯೋಚಿಸಿ! 'ಬಿತ್ತೇ? ತಾ, ನೋಡೋಣ' ಎಂಬ ಮಾತು ಮನೆಯನ್ನೂ ಕಾಯುತ್ತದೆ, ಮಗುವಿನ ಮನಸ್ಸನ್ನೂ ಕಾಯುತ್ತದೆ.

ಇದನ್ನು ಗಂಡುಮಕ್ಕಳ ಆಟವೆಂದು ಬದಿಗಿಡಬೇಡಿ. ಸೂಜಿ, ಕತ್ತರಿ ಹಿಡಿದು ಅಳತೆಗೆ ಸರಿಯಾಗಿ ಬಟ್ಟೆ ಕತ್ತರಿಸುವ ಹೆಣ್ಣುಮಗಳ ಕೈಗೆ ಈ ಕೆಲಸ ಬೇಗ ಒಲಿಯುತ್ತದೆ. 2023ರಲ್ಲಿ ಕೇಂದ್ರ ಸರಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಕೃಷಿ ಡ್ರೋನ್ ಒದಗಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನುಗಳೂ ಬೀಳುತ್ತವೆ, ಮುರಿಯುತ್ತವೆ. ಅವುಗಳಲ್ಲಿರುವುದೂ ಇದೇ ಬಗೆಯ ಮೋಟಾರ್, ಪ್ರೊಪೆಲ್ಲರ್, ರಿಸೀವರ್, ಲಿಥಿಯಂ ಬ್ಯಾಟರಿ. ಪ್ರತಿ ಸಲ ಬೆಂಗಳೂರಿಗೆ ಕಳಿಸುವ ಬದಲು ತಾಲೂಕಿನಲ್ಲೇ ಸರಿಮಾಡುವವರಿದ್ದರೆ ಅದು ಒಂದು ಉದ್ಯೋಗ. ಎನ್‌ಸಿಸಿಯ ವಾಯು ವಿಭಾಗದಲ್ಲಿ ವಿಮಾನದ ಮಾದರಿ ತಯಾರಿಕೆ ತರಬೇತಿಯ ಭಾಗವೇ ಆಗಿದೆ. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಅದು ಇದೆಯೇ ಎಂದು ವಿಚಾರಿಸಿ.

ಈ ವಾರ ಅಟ್ಟ ಹತ್ತಿ ನೋಡಿ. ಬ್ಯಾಟರಿಯನ್ನು ಮೊದಲು ಬೇರ್ಪಡಿಸಿ. ಉಳಿದ ಚೂರುಗಳನ್ನು ಪತ್ರಿಕೆಯ ಮೇಲೆ ಹರಡಿ, ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಇದು ಏಕೆ ಬಿತ್ತು ಎಂದು ಕೇಳಿ. ಉತ್ತರ ಹುಡುಕಲು ಒಂದು ಸಂಜೆ ಬೇಕಾದೀತು, ಅಂಟು ಒಣಗಲು ಒಂದು ರಾತ್ರಿ.